ಅರ್ಜಿ ಹಾಕದವರನ್ನು ಹುಡುಕಿ: ಕ್ರೀಡಾ ತಂಡವೊಂದು ಸೇವಾ ಪ್ರಶಸ್ತಿಯನ್ನು ಸ್ಥಾಪಿಸುವ ಬಗೆ

ಪಂದ್ಯಾವಳಿಯ ಕೊನೆಯ ದಿನ ದಾವಣಗೆರೆಯ ಹೈಸ್ಕೂಲ್ ಮೈದಾನದ ವೇದಿಕೆಯಲ್ಲಿ ಸಾಲಾಗಿ ಜೋಡಿಸಿಟ್ಟ ಟ್ರೋಫಿಗಳಲ್ಲಿ ಯಾವುದು ಯಾರಿಗೆ ಸಲ್ಲಬೇಕು ಎಂಬ ಬಗ್ಗೆ ಹೆಚ್ಚಿನ ತಕರಾರು ಏಳುವುದಿಲ್ಲ. ಸರಣಿ ಶ್ರೇಷ್ಠ ಯಾರು, ಉತ್ತಮ ಬೌಲರ್ ಯಾರು ಎಂಬುದನ್ನು ಸ್ಕೋರ್ ಪುಸ್ತಕವೇ ಹೇಳಿಬಿಡುತ್ತದೆ. ಆದರೆ ಆಟದ ಹೊರಗೆ, ಯಾರೂ ಕೇಳದೆ, ಯಾವ ಲಾಭವನ್ನೂ ಎಣಿಸದೆ ಊರಿನ ಜನರಿಗಾಗಿ ದುಡಿಯುವ ಆಟಗಾರನನ್ನೋ ಆಟಗಾರ್ತಿಯನ್ನೋ ಗುರುತಿಸಿ ಗೌರವಿಸಬೇಕೆಂದು ತಂಡವೊಂದು ತೀರ್ಮಾನಿಸಿದ ಕೂಡಲೇ ಕಷ್ಟ ಆರಂಭವಾಗುತ್ತದೆ. ಏಕೆಂದರೆ ಅಂಥ ಕೆಲಸಕ್ಕೆ ಲೆಕ್ಕ ಬರೆಯುವವರು ಇರುವುದಿಲ್ಲ, ಅದನ್ನು ನಿಜವಾಗಿ ಮಾಡುವವರು ತಾವಾಗಿ ಬಂದು ಹೇಳಿಕೊಳ್ಳುವುದೂ ಇಲ್ಲ. ಕ್ರಿಕೆಟ್ ಮತ್ತು ವಾಲಿಬಾಲ್ ತಂಡಗಳಿರುವ ನಗರದ ಒಂದು ಸಣ್ಣ ಕ್ರೀಡಾ ಸಂಘದ ಕಾರ್ಯದರ್ಶಿಯಾಗಿ ಇಂಥದೊಂದು ಪ್ರಶಸ್ತಿಯನ್ನು ಆರಂಭಿಸಿ, ಮೊದಲ ಎರಡು ವರ್ಷ ಎಡವಿ, ಆಮೇಲೆ ಒಂದು ಕ್ರಮಕ್ಕೆ ತಂದ ಅನುಭವದಿಂದ ಈ ವಿವರಗಳನ್ನು ಬರೆಯುತ್ತಿದ್ದೇನೆ.

ಎರಡು ಹಳೆಯ ಮಾದರಿಗಳು

ಈ ಬಗೆಯ ಪ್ರಶಸ್ತಿಗಳಲ್ಲಿ ಜಗತ್ತಿನಲ್ಲೇ ಹೆಸರಾದವು ಅಮೆರಿಕದ ಎರಡು. ಅಲ್ಲಿನ ವೃತ್ತಿಪರ ಬೇಸ್‌ಬಾಲ್ ಲೀಗ್ 1971ರಲ್ಲಿ ಆರಂಭಿಸಿದ ಪ್ರಶಸ್ತಿಗೆ 1973ರಿಂದ ರಾಬರ್ಟೊ ಕ್ಲೆಮೆಂಟೆ ಅವರ ಹೆಸರಿದೆ. ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಈ ಆಟಗಾರ, ನಿಕರಾಗುವಾ ದೇಶದ ಭೂಕಂಪ ಸಂತ್ರಸ್ತರಿಗೆ ತಾವು ಕಳಿಸಿದ ಸಾಮಗ್ರಿ ಸರಿಯಾಗಿ ತಲುಪುತ್ತಿಲ್ಲವೆಂದು ತಿಳಿದು, 1972ರ ಡಿಸೆಂಬರ್ 31ರಂದು ಸಾಮಗ್ರಿಯ ಜೊತೆಗೆ ತಾವೇ ವಿಮಾನ ಹತ್ತಿದರು. ಆ ವಿಮಾನ ಸಮುದ್ರಕ್ಕೆ ಬಿದ್ದು ಅವರು ತೀರಿಕೊಂಡರು. ಎರಡನೆಯದು ಅಮೆರಿಕನ್ ಫುಟ್‌ಬಾಲ್ ಲೀಗಿನಲ್ಲಿ 1970ರಿಂದ ನಡೆದುಬಂದು, 1999ರಿಂದ ಆ ಲೀಗಿನ ಹೆಸರಾಂತ ಆಟಗಾರ ವಾಲ್ಟರ್ ಪೇಟನ್ ಅವರ ಹೆಸರಿನಲ್ಲಿ ನೀಡಲಾಗುತ್ತಿರುವ ಪ್ರಶಸ್ತಿ.

ಕೋಟ್ಯಂತರ ಡಾಲರ್ ವಹಿವಾಟಿನ ಆ ಲೀಗುಗಳಿಗೂ ನಮ್ಮ ನಿಟುವಳ್ಳಿಯ, ವಿದ್ಯಾನಗರದ ಹುಡುಗರ ತಂಡಗಳಿಗೂ ಏನು ಸಂಬಂಧ ಎಂದು ಕೇಳುವುದು ಸಹಜ. ಎರಡು ಅಂಶಗಳು ಮಾತ್ರ ನಮಗೆ ನೇರವಾಗಿ ಉಪಯೋಗಕ್ಕೆ ಬರುತ್ತವೆ. ಫುಟ್‌ಬಾಲ್ ಲೀಗಿನ 32 ತಂಡಗಳಲ್ಲಿ ಪ್ರತಿಯೊಂದೂ ತನ್ನೊಳಗಿನಿಂದ ಒಬ್ಬರ ಹೆಸರನ್ನು ಸೂಚಿಸುತ್ತದೆಯಾದ್ದರಿಂದ, ಆಟಗಾರನನ್ನು ನಿತ್ಯವೂ ಹತ್ತಿರದಿಂದ ಕಂಡವರೇ ಅವನ ಹೆಸರನ್ನು ಮುಂದಿಡುತ್ತಾರೆ. ಅಲ್ಲದೆ ಪ್ರಶಸ್ತಿಯ ಹಣ ವಿಜೇತನ ಜೇಬಿಗೆ ಬರದೆ, ಆತ ಹೆಸರಿಸಿದ ಸೇವಾ ಸಂಸ್ಥೆಗೆ ಹೋಗುತ್ತದೆ. ಉಳಿದ ಅದ್ದೂರಿಯೆಲ್ಲ ನಮಗೆ ಬೇಕಿಲ್ಲ.

ಠರಾವು, ಹೆಸರು, ಅವಧಿ

ಪ್ರಶಸ್ತಿಯ ವಿಚಾರವನ್ನು ಮೊದಲು ವಾರ್ಷಿಕ ಮಹಾಸಭೆಯ ಮುಂದಿಟ್ಟು, ಠರಾವು ಮಾಡಿ, ನಡಾವಳಿ ಪುಸ್ತಕದಲ್ಲಿ ಬರೆಸಬೇಕು. ಬಾಯಿಮಾತಿನಲ್ಲಿ ಆರಂಭವಾದ ಪ್ರಶಸ್ತಿಯು ಅಧ್ಯಕ್ಷರು ಬದಲಾದ ಕೂಡಲೇ ನಿಂತುಹೋಗುತ್ತದೆ ಅಥವಾ ಹೊಸ ಅಧ್ಯಕ್ಷರ ಅಭಿರುಚಿಗೆ ತಕ್ಕಂತೆ ರೂಪ ಬದಲಿಸುತ್ತದೆ. ಠರಾವಿನಲ್ಲಿ ಇಷ್ಟಿದ್ದರೆ ಸಾಕು: ಸಂಘದ ಆಟಗಾರರು, ತರಬೇತುದಾರರು, ಸ್ಕೋರರ್‌ಗಳು ಮತ್ತು ಮೈದಾನ ನೋಡಿಕೊಳ್ಳುವವರು ಮಾತ್ರ ಇದಕ್ಕೆ ಅರ್ಹರು; ಪದಾಧಿಕಾರಿಗಳು ಅಧಿಕಾರದಲ್ಲಿರುವಷ್ಟು ಕಾಲ ಅರ್ಹರಲ್ಲ; ಯೋಗ್ಯರು ಸಿಗದ ವರ್ಷ ಪ್ರಶಸ್ತಿ ಕೊಡಬೇಕೆಂಬ ಕಡ್ಡಾಯವಿಲ್ಲ.

ಹೆಸರಿಡುವ ವಿಚಾರದಲ್ಲಿ ಸ್ವಲ್ಪ ಬಿಗಿಯಾಗಿರಬೇಕು. ದೇಣಿಗೆ ಕೊಡುತ್ತೇನೆ, ನಮ್ಮ ತಂದೆಯ ಹೆಸರಿಡಿ ಎಂದು ಬರುವವರು ಖಂಡಿತ ಇರುತ್ತಾರೆ, ಅವರಲ್ಲಿ ಸಜ್ಜನರೂ ಇರುತ್ತಾರೆ. ಆದರೂ ಒಪ್ಪಿಕೊಳ್ಳದಿರುವುದು ಲೇಸು. ಚಿತ್ರದುರ್ಗದ ತಂಡದವರಿಗೆ ಒನಕೆ ಓಬವ್ವನ ಹೆಸರು ಮೊದಲು ನೆನಪಾಗುವುದು ಸಹಜವೇ. ಹೈದರಾಲಿಯ ಸೈನಿಕರು ಕೋಟೆಯ ಕಿಂಡಿಯಿಂದ ನುಸುಳುತ್ತಿದ್ದಾಗ ಕಾವಲುಗಾರನ ಹೆಂಡತಿಯೊಬ್ಬಳು, ಗಂಡನ ಊಟಕ್ಕೆ ಅಡ್ಡಿ ಮಾಡಬಾರದೆಂದು, ಒನಕೆ ಹಿಡಿದು ಒಬ್ಬಳೇ ನಿಂತಳೆಂಬುದು ಸೇವಾ ಪ್ರಶಸ್ತಿಗೆ ಬಹಳ ಒಪ್ಪುವ ಕಥೆ. ಆದರೆ ಅಲ್ಲಿನ ಜಿಲ್ಲಾ ಕ್ರೀಡಾಂಗಣಕ್ಕೇ ಆ ಹೆಸರಿದೆ, ನವೆಂಬರ್ 11ರಂದು ಸರ್ಕಾರವೇ ಆಕೆಯ ಜಯಂತಿ ಆಚರಿಸುತ್ತದೆ. ಇನ್ನೊಂದು ಟ್ರೋಫಿಯ ಮೇಲೆ ಬರೆಸುವುದರಿಂದ ಆಕೆಗೆ ಹೆಚ್ಚುವುದೇನೂ ಇಲ್ಲ. ನಿಮ್ಮದೇ ತಂಡಕ್ಕಾಗಿ ವರ್ಷಗಟ್ಟಲೆ ಪಿಚ್‌ಗೆ ನೀರು ಹಾಕಿ ಕಾಲವಾದ ಒಬ್ಬರ ಹೆಸರಿದ್ದರೆ, ಆ ಹೆಸರು ಕೂಗಿದಾಗ ಸಭೆಯಲ್ಲಿರುವ ಹಳಬರಿಗೆ ಒಂದು ಮುಖ ಕಣ್ಣಮುಂದೆ ಬರುತ್ತದೆ. ನಾವು ಹಾಗೆಯೇ ಮಾಡಿದೆವು.

ಪರಿಗಣನೆಯ ಅವಧಿಯನ್ನು ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ ಇಟ್ಟುಕೊಂಡರೆ ಸಂಘದ ಲೆಕ್ಕಪತ್ರದ ವರ್ಷಕ್ಕೆ ಹೊಂದುತ್ತದೆ. ಹೆಸರುಗಳನ್ನು ಏಪ್ರಿಲ್‌ನಲ್ಲಿ ಸಂಗ್ರಹಿಸಿ, ವಿಚಾರಣೆಯನ್ನು ಜೂನ್‌ನಲ್ಲಿ ಮುಗಿಸಿ, ಜುಲೈನಲ್ಲಿ ತೀರ್ಮಾನಿಸಿ, ಮೇಜರ್ ಧ್ಯಾನ್‌ಚಂದ್ ಅವರ ಜನ್ಮದಿನವಾದ ಆಗಸ್ಟ್ 29ರ ರಾಷ್ಟ್ರೀಯ ಕ್ರೀಡಾ ದಿನದಂದು ಪ್ರದಾನ ಮಾಡಬಹುದು. ಮೇ ತಿಂಗಳಿನಲ್ಲಿ ಅವಸರ ಮಾಡಬಾರದು. ಭದ್ರಾ ಅಚ್ಚುಕಟ್ಟಿನ ಹಳ್ಳಿಗಳಿಂದ ಬರುವ ಆಟಗಾರರು ಆಗ ಬೇಸಿಗೆ ಭತ್ತದ ಕೊಯ್ಲಿನಲ್ಲಿರುತ್ತಾರೆ, ಅವರನ್ನು ಬಲ್ಲ ಊರವರೂ ಗದ್ದೆಯಲ್ಲೇ ಇರುತ್ತಾರೆ.

ಅರ್ಜಿ ಏಕೆ ಕರೆಯಬಾರದು

ಮೊದಲ ವರ್ಷ ನಾವು ಅರ್ಜಿ ಕರೆದೆವು. ಹನ್ನೊಂದು ಅರ್ಜಿಗಳು ಬಂದವು, ಅವುಗಳಲ್ಲಿ ಹೆಚ್ಚಿನವಕ್ಕೆ ಪತ್ರಿಕಾ ತುಣುಕುಗಳು, ಶಾಲು ಹೊದಿಸಿಕೊಂಡ ಫೋಟೋಗಳು, ಹಿಂದೆ ಪಡೆದ ಪ್ರಶಸ್ತಿಗಳ ಪಟ್ಟಿ ಲಗತ್ತಾಗಿದ್ದವು. ಅತ್ಯಂತ ದಪ್ಪ ಕಡತ ತಂದವರಿಗೇ ಪ್ರಶಸ್ತಿ ಹೋಯಿತು. ಅವರು ಎರಡು ತಂಡಗಳಿಗೆ ಜೆರ್ಸಿ ಹೊಲಿಸಿಕೊಟ್ಟಿದ್ದರು, ಜೆರ್ಸಿಯ ಬೆನ್ನಿನ ಮೇಲೆ ಅವರ ಅಂಗಡಿಯ ಹೆಸರಿತ್ತು. ಅದು ತಪ್ಪಲ್ಲ, ಆದರೆ ಅದು ಪ್ರಾಯೋಜಕತ್ವ. ಅದಕ್ಕೆ ಒಂದು ಕೃತಜ್ಞತಾ ಪತ್ರ ಸಾಕಿತ್ತು.

ಅದೇ ವರ್ಷದ ಕೊನೆಗೆ ನಮ್ಮ ಸದಸ್ಯರೊಬ್ಬರು ತಾಯಿಯನ್ನು ಜಿಲ್ಲಾಸ್ಪತ್ರೆಗೆ ಸೇರಿಸಿದ್ದರು. ಭಾನುವಾರ ಬೆಳಿಗ್ಗೆ ಅಲ್ಲಿನ ಮೊಗಸಾಲೆಯಲ್ಲಿ ಗಾಲಿಕುರ್ಚಿ ತಳ್ಳಿಕೊಂಡು ಹೋಗುತ್ತಿದ್ದ ಹುಡುಗ ನಮ್ಮ ವಾಲಿಬಾಲ್ ತಂಡದ ಸೆಟ್ಟರ್ ಎಂದು ಗುರುತು ಹಿಡಿದು, ಮನೆಯವರು ಯಾರಾದರೂ ದಾಖಲಾಗಿದ್ದಾರೆಯೇ ಎಂದು ಕೇಳಿದ್ದಾರೆ. ಯಾರೂ ದಾಖಲಾಗಿರಲಿಲ್ಲ. ಜಗಳೂರು, ಹರಪನಹಳ್ಳಿ ಕಡೆಯಿಂದ ಬರುವ ರೋಗಿಗಳ ಜೊತೆಯವರಿಗೆ ವಾರ್ಡು ತೋರಿಸುವುದು, ರಕ್ತಪರೀಕ್ಷೆಯ ವರದಿ ತಂದುಕೊಡುವುದು, ಔಷಧದ ಚೀಟಿ ಓದಿ ಹೇಳುವುದು ಅವನ ಮೂರು ವರ್ಷಗಳ ಭಾನುವಾರದ ಕೆಲಸವಾಗಿತ್ತು. ಅಭ್ಯಾಸಕ್ಕೆ ಅವನು ಸದಾ ತಡವಾಗಿ ಬರುತ್ತಾನೆಂದು ಎರಡು ಬಾರಿ ದಂಡ ಹಾಕಿದ್ದವನು ನಾನೇ. ಕೇಳಿದರೆ, “ಅದನ್ನೇನು ದೊಡ್ಡದು ಮಾಡ್ತೀರಿ ಬಿಡ್ರಿ ಸರ್, ಹಳ್ಳಿ ಜನಕ್ಕೆ ಯಾವ ಕಡೆ ಹೋಗ್ಬೇಕಂತ ಗೊತ್ತಾಗಲ್ಲ, ಅಷ್ಟೇ” ಎಂದ. ಅಂಥವನು ಅರ್ಜಿ ನಮೂನೆ ತುಂಬುವುದುಂಟೇ?

ಆದ್ದರಿಂದ ಅರ್ಜಿಯ ಬದಲು ಹೆಸರು ಸೂಚಿಸುವ ಚೀಟಿಯನ್ನು ಇಟ್ಟುಕೊಳ್ಳಬೇಕು. ತನ್ನ ಹೆಸರನ್ನು ತಾನೇ ಬರೆಯುವಂತಿಲ್ಲ, ಮನೆಯವರು ಬರೆಯುವಂತಿಲ್ಲ ಎಂಬುದನ್ನು ಚೀಟಿಯ ತಲೆಯಲ್ಲೇ ಮುದ್ರಿಸಿ, ಸಂಘದ ಸದಸ್ಯರಿಗಷ್ಟೇ ಅಲ್ಲದೆ ಮೈದಾನದ ಬದಿಯ ಮಂಡಕ್ಕಿ ಮಿರ್ಚಿ ಅಂಗಡಿಯವರಿಗೂ, ಆಟಗಾರರು ಓದುವ ಕಾಲೇಜಿನ ದೈಹಿಕ ಶಿಕ್ಷಕರಿಗೂ, ಆಟೋ ನಿಲ್ದಾಣದವರಿಗೂ ಕೊಡಬೇಕು. ನಮಗೆ ಈವರೆಗೆ ಸಿಕ್ಕ ಒಳ್ಳೆಯ ಹೆಸರುಗಳಲ್ಲಿ ಅರ್ಧದಷ್ಟು ಹೀಗೆ ಹೊರಗಿನವರಿಂದಲೇ ಬಂದಿವೆ. ಚೀಟಿಯಲ್ಲಿ ಗುಣವಾಚಕಗಳಿಗೆ ಜಾಗ ಕೊಡಬಾರದು. “ಇವರು ಸರಳ ಸಜ್ಜನಿಕೆಯ ಸಮಾಜಸೇವಕರು” ಎಂಬ ಸಾಲಿನಿಂದ ಸಮಿತಿಗೆ ಏನೂ ತಿಳಿಯುವುದಿಲ್ಲ. ನೀವು ಕಣ್ಣಾರೆ ಕಂಡದ್ದೇನು, ಎಲ್ಲಿ, ಎಷ್ಟು ಕಾಲದಿಂದ, ಅದನ್ನು ಬಲ್ಲ ಇನ್ನೊಬ್ಬರು ಯಾರು ಎಂಬ ಪ್ರಶ್ನೆಗಳನ್ನು ಮಾತ್ರ ಕೇಳಬೇಕು. ಬರೆಯಲು ಹಿಂಜರಿಯುವವರಿದ್ದರೆ ಸದಸ್ಯರೊಬ್ಬರು ಕೇಳಿ ಬರೆದುಕೊಳ್ಳಲಿ. ಒಮ್ಮೆ ಚಹಾದಂಗಡಿಯ ಅಜ್ಜಿಯೊಬ್ಬರು ಹೇಳಿ ಬರೆಸಿದ ಚೀಟಿಯಲ್ಲಿ ಇದ್ದದ್ದು ಇಷ್ಟೇ: “ನೀಲಿ ಬ್ಯಾಗಿನ ಹುಡುಗಿ ದಿನಾ ಸಂಜೆ ಆಟ ಮುಗಿಸಿ ನಮ್ಮ ಓಣಿ ಮಕ್ಕಳಿಗೆ ಲೆಕ್ಕ ಹೇಳಿಕೊಡ್ತಾಳೆ, ಹೆಸರು ಗೊತ್ತಿಲ್ಲ.” ಹೆಸರು ಹುಡುಕುವ ಕೆಲಸ ನಮ್ಮದಾಯಿತು.

ವಿಚಾರಣೆ

ಬಂದ ಹೆಸರುಗಳನ್ನು ಪರಿಶೀಲಿಸದೆ ಪ್ರಶಸ್ತಿ ಕೊಡಬಾರದು. ಪರಿಶೀಲನೆಯು ಪೊಲೀಸ್ ತನಿಖೆಯಂತೆಯೂ ಇರಬಾರದು. ಇಬ್ಬರು ಸದಸ್ಯರು, ಸಾಧ್ಯವಾದರೆ ಅವರಲ್ಲಿ ಒಬ್ಬರು ಮಹಿಳೆಯಾಗಿ, ತಂಡದ ಜೆರ್ಸಿ ತೊಡದೆ, ಕೆಲಸ ನಡೆಯುವ ಜಾಗಕ್ಕೆ ಕೆಲಸ ನಡೆಯುವ ಹೊತ್ತಿನಲ್ಲಿ ಹೋಗಿ ನೋಡಬೇಕು. ಕುಂದವಾಡ ಕೆರೆಯ ದಂಡೆಯಲ್ಲಿ ವಾರವಾರ ಪ್ಲಾಸ್ಟಿಕ್ ಆಯುತ್ತಾರೆಂಬ ಚೀಟಿ ಬಂದಿದ್ದರೆ, ಬೆಳಗಿನ ಆರು ಗಂಟೆಗೆ ಅಲ್ಲಿ ನಡೆದಾಡಲು ಬರುವ ಹಿರಿಯರನ್ನು ಕೇಳಿದರೆ ಅರ್ಧ ಗಂಟೆಯಲ್ಲಿ ಸತ್ಯ ತಿಳಿಯುತ್ತದೆ. ಪರಿಸರ ದಿನದಂದು ಮಾತ್ರ ಬಂದು ಫೋಟೋ ತೆಗೆಸಿಕೊಂಡವರನ್ನೂ, ಮಳೆ ಬಂದ ವಾರವೂ ಗೋಣಿಚೀಲ ಹಿಡಿದು ಬಂದವರನ್ನೂ ಆ ಹಿರಿಯರು ಚೆನ್ನಾಗಿ ಬಲ್ಲರು.

ರಕ್ತದಾನದ ವಿಚಾರದಲ್ಲಿ ಅತಿಶಯೋಕ್ತಿ ಹೆಚ್ಚು, ಪರಿಶೀಲನೆಯೂ ಅಷ್ಟೇ ಸುಲಭ. ನಮ್ಮ ದೇಶದ ನಿಯಮದಂತೆ ಪುರುಷರು 90 ದಿನಗಳಿಗೊಮ್ಮೆ, ಮಹಿಳೆಯರು 120 ದಿನಗಳಿಗೊಮ್ಮೆ ಮಾತ್ರ ರಕ್ತ ಕೊಡಬಹುದು. ವಯಸ್ಸು 18ರಿಂದ 65ರೊಳಗೆ, ತೂಕ ಕನಿಷ್ಠ 45 ಕಿಲೋ ಇರಬೇಕು. ಹೀಗಿರುವಾಗ ವರ್ಷಕ್ಕೆ ಎಂಟು ಬಾರಿ ರಕ್ತದಾನ ಮಾಡಿದ್ದಾರೆಂದು ಚೀಟಿಯಲ್ಲಿದ್ದರೆ, ಅದು ಇನ್ನೂ ಬೇಗ ಬೇಗ ಕೊಡಬಹುದಾದ ಪ್ಲೇಟ್‌ಲೆಟ್ ದಾನವೇ ಎಂದು ಕೇಳಬೇಕು. ಅಲ್ಲವೆಂದಾದರೆ ಲೆಕ್ಕ ತಪ್ಪಿದೆ. ರಕ್ತನಿಧಿಯವರು ಕೊಡುವ ದಾನಿಯ ಕಾರ್ಡುಗಳನ್ನು ನೋಡಿದರೆ ಸಾಕು. ಇಷ್ಟು ಸಲ ಎಂಬ ಸಂಖ್ಯೆಗಿಂತ, ಅಪರೂಪದ ಗುಂಪಿನ ರಕ್ತವಿರುವ ಹುಡುಗ ಫೈನಲ್ ಪಂದ್ಯದ ಹಿಂದಿನ ರಾತ್ರಿ ಕರೆ ಬಂದಾಗ ಎದ್ದು ಹೋದನೇ ಎಂಬುದನ್ನು ನಾನು ಹೆಚ್ಚು ಗಮನಿಸುತ್ತೇನೆ.

ಅಪಘಾತದಲ್ಲಿ ನೆರವಾದವರ ವಿಚಾರ ಇನ್ನೂ ಸೂಕ್ಷ್ಮ. ರಾಷ್ಟ್ರೀಯ ಹೆದ್ದಾರಿ 48 ಚಿತ್ರದುರ್ಗ, ದಾವಣಗೆರೆ ಎರಡನ್ನೂ ಹಾದು ಹೋಗುವುದರಿಂದ, ರಸ್ತೆಯಲ್ಲಿ ಬಿದ್ದವರನ್ನು ಆಸ್ಪತ್ರೆಗೆ ಸಾಗಿಸಿದ ಆಟಗಾರರು ಇಲ್ಲಿನ ತಂಡಗಳಲ್ಲಿ ಇರುವ ಸಂಭವ ಹೆಚ್ಚು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಮು ಅಂಥ ಸಹಾಯಕರಿಗೆ ರಕ್ಷಣೆ ಕೊಡುತ್ತದೆ. ತಮ್ಮ ಹೆಸರು, ವಿಳಾಸ ಹೇಳುವಂತೆ ಅವರನ್ನು ಯಾರೂ ಬಲವಂತ ಮಾಡುವಂತಿಲ್ಲ. ಕಾನೂನೇ ಹೆಸರು ಕೇಳದ ಕೆಲಸಕ್ಕೆ ನಾವು ಮೈಕಿನಲ್ಲಿ ಹೆಸರು ಕೂಗಲು ಹೊರಟರೆ ಮೊದಲು ಅವರನ್ನು ಕೇಳಲೇಬೇಕು. ಬೇಡವೆಂದರೆ ಅಲ್ಲಿಗೆ ಬಿಟ್ಟುಬಿಡಬೇಕು, ಒತ್ತಾಯ ಸಲ್ಲದು. ಹದಿನೆಂಟು ವರ್ಷ ತುಂಬದ ಆಟಗಾರರಾದರೆ ತಂದೆತಾಯಿಗಳ ಒಪ್ಪಿಗೆಯೂ ಬೇಕು.

ಸಹಾಯ ಪಡೆದವರ ಮಾನ

ಎರಡನೆಯ ವರ್ಷದ ತಪ್ಪು ಮೊದಲನೆಯದಕ್ಕಿಂತ ದೊಡ್ಡದು. ಆ ವರ್ಷ ನಿಜವಾಗಿ ಯೋಗ್ಯನಾದವನನ್ನೇ ಆರಿಸಿದ್ದೆವು. ಲಾಕ್‌ಡೌನ್ ದಿನಗಳಲ್ಲಿ ಅವನು ಮನೆಮನೆಗೆ ದಿನಸಿ ಮುಟ್ಟಿಸಿದ್ದ. ಸಭೆಗೆ ಕಳೆ ಬರಲಿ ಎಂದು ನಾನೇ ಪ್ರೊಜೆಕ್ಟರ್ ತರಿಸಿ, ಯಾರೋ ಮೊಬೈಲಿನಲ್ಲಿ ತೆಗೆದಿದ್ದ ಫೋಟೋಗಳನ್ನು ಪರದೆಯ ಮೇಲೆ ಹಾಕಿಸಿದೆ. ಮೂರನೆಯ ಫೋಟೋದಲ್ಲಿ ಬಾಗಿಲಲ್ಲಿ ನಿಂತು, ಸೆರಗಿನಲ್ಲಿ ಅಕ್ಕಿಯ ಪೊಟ್ಟಣ ಹಿಡಿದಿದ್ದ ಮುದುಕಿಯೊಬ್ಬರಿದ್ದರು. ನಮ್ಮ ಕಿರಿಯರ ತಂಡದ ಹುಡುಗನೊಬ್ಬ ಎರಡನೆಯ ಸಾಲಿನಲ್ಲಿ ಕುಳಿತಿದ್ದ. ಆಕೆ ಅವನ ಅಜ್ಜಿ. ಅವನು ತಲೆ ತಗ್ಗಿಸಿ ಎದ್ದುಹೋದದ್ದನ್ನು ಪಕ್ಕದಲ್ಲಿದ್ದವರು ಮಾತ್ರ ಕಂಡರು. ಮುಂದಿನ ಆರು ವಾರ ಅವನು ಅಭ್ಯಾಸಕ್ಕೆ ಬರಲಿಲ್ಲ. ಮನೆಗೆ ಹೋಗಿ ಕ್ಷಮೆ ಕೇಳಿದಾಗ ಅಜ್ಜಿ ಚಹಾ ಕೊಟ್ಟು ಕಳಿಸಿದರೇ ಹೊರತು ಆ ವಿಚಾರ ಎತ್ತಲಿಲ್ಲ.

ಆ ನಂತರ ಮಾಡಿಕೊಂಡ ನಿಯಮ ಕಟ್ಟುನಿಟ್ಟಾಗಿದೆ. ಸಹಾಯ ಪಡೆದ ಯಾರ ಫೋಟೋವನ್ನೂ, ಹೆಸರನ್ನೂ, ಓಣಿಯ ಗುರುತನ್ನೂ ವೇದಿಕೆಯಲ್ಲಾಗಲಿ ಆಹ್ವಾನ ಪತ್ರಿಕೆಯಲ್ಲಾಗಲಿ ವಾಟ್ಸ್‌ಆ್ಯಪ್ ಗುಂಪಿನಲ್ಲಾಗಲಿ ಬಳಸುವುದಿಲ್ಲ. ಅವರನ್ನು ವೇದಿಕೆಗೆ ಕರೆಸಿ ಎರಡು ಮಾತು ಆಡಿಸುವ ರೂಢಿಯೂ ಇಲ್ಲ. ವಿಚಾರಣೆಗೆ ಹೋದವರು ಬರೆದುಕೊಂಡ ಟಿಪ್ಪಣಿಗಳನ್ನು ತೀರ್ಮಾನವಾದ ಮೇಲೆ ಹರಿದುಹಾಕುತ್ತೇವೆ.

ಸಮಿತಿಯ ಮುಂದೆ ಬರುವ ಕಠಿಣ ಪ್ರಶ್ನೆಗಳು

ಸಮಿತಿಯಲ್ಲಿ ಐದು ಜನ ಸಾಕು: ಒಬ್ಬ ಹಿರಿಯ ಆಟಗಾರ, ಮಹಿಳಾ ತಂಡದ ನಾಯಕಿ, ಇಪ್ಪತ್ತೈದು ದಾಟದ ಒಬ್ಬರು, ಸಂಘಕ್ಕೆ ಸೇರದ ಒಬ್ಬ ನಿವೃತ್ತ ಶಿಕ್ಷಕರು, ಮತ್ತು ಸ್ಕೋರರ್. ಸ್ಕೋರರ್ ಏಕೆಂದರೆ, ಆಟದ ದಿನಗಳಲ್ಲಿ ಎಲ್ಲರನ್ನೂ ಇಡೀ ದಿನ ನೋಡುತ್ತ ಕೂರುವವರು ಅವರೊಬ್ಬರೇ. ತನ್ನ ಬಂಧುವಿನ ಹೆಸರು ಚರ್ಚೆಗೆ ಬಂದಾಗ ಸದಸ್ಯರು ಹೊರಗೆ ಹೋಗಬೇಕು. ಅಂಕ ಕೊಡುವ ಪದ್ಧತಿಯನ್ನು ಒಂದು ವರ್ಷ ಪ್ರಯೋಗಿಸಿ ಕೈಬಿಟ್ಟೆವು. ಹಸಿದವರಿಗೆ ಊಟ ಹಾಕಿದ್ದಕ್ಕೆ ಹತ್ತಕ್ಕೆ ಏಳು, ಮಕ್ಕಳಿಗೆ ಪಾಠ ಹೇಳಿದ್ದಕ್ಕೆ ಎಂಟು ಎಂದು ಬರೆಯುತ್ತ ಕುಳಿತಾಗ ಎಲ್ಲರಿಗೂ ಮುಜುಗರವಾಯಿತು.

ಚರ್ಚೆಯಲ್ಲಿ ಪದೇಪದೇ ಏಳುವ ಪ್ರಶ್ನೆಗಳಿವೆ. ದಾದಿಯಾಗಿ ದುಡಿಯುವ ಆಟಗಾರ್ತಿ ತನ್ನ ಪಾಳಿಯಲ್ಲಿ ರೋಗಿಗಳನ್ನು ಅಕ್ಕರೆಯಿಂದ ನೋಡಿಕೊಂಡರೆ ಅದು ಒಳ್ಳೆಯ ವೃತ್ತಿಧರ್ಮ. ಪಾಳಿ ಮುಗಿದ ಮೇಲೆ ಓಣಿಯ ವೃದ್ಧರ ಸಕ್ಕರೆ ಕಾಯಿಲೆಯ ಗಾಯಗಳಿಗೆ ಪಟ್ಟಿ ಕಟ್ಟಲು ಹೋದರೆ ಅದನ್ನು ಪ್ರಶಸ್ತಿಗೆ ಪರಿಗಣಿಸಬೇಕು. ತನ್ನ ಜಾತಿಯವರಿಗೆ, ತನ್ನ ಮಠದವರಿಗೆ ಮಾತ್ರ ಮಾಡುವ ಸೇವೆಯ ವಿಚಾರದಲ್ಲಿ ನಮ್ಮ ಸಮಿತಿ ಎರಡು ರಾತ್ರಿ ವಾದಿಸಿ, ಬಾಗಿಲು ಎಲ್ಲರಿಗೂ ತೆರೆದಿರುವ ಕೆಲಸಕ್ಕೇ ಆದ್ಯತೆ ಎಂದು ಬರೆದಿಟ್ಟಿತು. ಮುಂಬರುವ ಪಾಲಿಕೆ ಚುನಾವಣೆಗೆ ನಿಲ್ಲುವವರನ್ನು ಆ ವರ್ಷಕ್ಕೆ ಬಿಡಬೇಕು. ಚುನಾವಣೆ ಕಳೆದ ಮೇಲೂ ಕೆಲಸ ಮುಂದುವರಿದಿದ್ದರೆ ಹೆಸರು ಮತ್ತೆ ಬರಲಿ. ಆಟದಲ್ಲಿ ಸಾಧಾರಣ ಎಂಬ ಕಾರಣಕ್ಕೆ ಯಾರನ್ನೂ ಹಿಂದಿಡಬಾರದು. ಊರಿನ ಗರಡಿ ಮನೆಗಳಲ್ಲಿ ಬೆಳ್ಳಿ ಗದೆ ಗೆದ್ದ ಪೈಲ್ವಾನನನ್ನು ಹೊಗಳುವಷ್ಟೇ ಮನಸಾರೆ ನಸುಕಿಗೆ ಎದ್ದು ಅಖಾಡದ ಮಣ್ಣು ಹದ ಮಾಡುವವನನ್ನೂ ನೆನೆಯುವವರಿದ್ದಾರೆ.

ಬಿನ್ನವತ್ತಳೆ ಮತ್ತು ಪ್ರದಾನ

ಬಿನ್ನವತ್ತಳೆಯನ್ನು ಚಿಕ್ಕದಾಗಿ, ಕಂಡದ್ದನ್ನು ಕಂಡಂತೆ ಬರೆಯಬೇಕು. “ಸೇವಾರತ್ನ”, “ದೀನಬಂಧು” ಮುಂತಾದ ಬಿರುದುಗಳು ಬೇಡ. ಮೇಲೆ ಹೇಳಿದ ಸೆಟ್ಟರ್ ಹುಡುಗನಿಗೆ ಮೂರನೆಯ ವರ್ಷ ಪ್ರಶಸ್ತಿ ಕೊಟ್ಟಾಗ ನಾವು ಓದಿದ್ದು ಹೀಗಿತ್ತು: “ಇವರು ಐದು ವರ್ಷಗಳಿಂದ ಪ್ರತಿ ಭಾನುವಾರ ಬೆಳಿಗ್ಗೆ ಆಸ್ಪತ್ರೆಗೆ ಹೋಗಿ, ಹಳ್ಳಿಗಳಿಂದ ಬರುವ ರೋಗಿಗಳಿಗೆ ದಾರಿ ತೋರಿಸುತ್ತಾರೆ, ಚೀಟಿ ಓದಿ ಹೇಳುತ್ತಾರೆ, ಗಾಲಿಕುರ್ಚಿ ತಳ್ಳುತ್ತಾರೆ. ಇದನ್ನು ಯಾರಿಗೂ ಹೇಳಿರಲಿಲ್ಲ. ಈ ಕಾರಣಕ್ಕೆ ಅಭ್ಯಾಸಕ್ಕೆ ತಡವಾಗಿ ಬಂದಾಗ ಸಂಘ ಇವರಿಗೆ ದಂಡ ವಿಧಿಸಿತ್ತು. ಆ ಹಣವನ್ನು ಇಂದು ಹಿಂದಿರುಗಿಸುತ್ತಿದ್ದೇವೆ.” ಓದಿ ಮುಗಿಸಲು ಅರ್ಧ ನಿಮಿಷ ಸಾಕಾಯಿತು. ದಂಡದ ನೂರು ರೂಪಾಯಿಯನ್ನು ಖಜಾಂಚಿಯವರು ಲಕೋಟೆಯಲ್ಲಿಟ್ಟು ಕೊಟ್ಟಾಗ ಸಭೆ ಬಹಳ ಹೊತ್ತು ಚಪ್ಪಾಳೆ ತಟ್ಟಿತು, ಹುಡುಗ ಮಾತ್ರ ಯಾವಾಗ ಕೆಳಗಿಳಿಯಲಿ ಎಂಬಂತೆ ಮೆಟ್ಟಿಲ ಕಡೆಗೇ ನೋಡುತ್ತಿದ್ದ.

ಪಂದ್ಯಾವಳಿಯ ಫೈನಲ್ ದಿನ ಈ ಪ್ರಶಸ್ತಿಯನ್ನು ಕೊಡಬಾರದೆಂಬುದು ನನ್ನ ದೃಢ ಅಭಿಪ್ರಾಯ. ಅಂದು ಗಣ್ಯರ ಭಾಷಣ ಮುಗಿಯುವಷ್ಟರಲ್ಲಿ ಕತ್ತಲಾಗಿರುತ್ತದೆ, ಜನ ಎದ್ದು ಹೊರಟಿರುತ್ತಾರೆ. ಸಂಘದ ಕೊಠಡಿಯಲ್ಲೋ ಶಾಲೆಯೊಂದರ ಸಭಾಂಗಣದಲ್ಲೋ ಆಟಗಾರರ ಮನೆಯವರನ್ನು ಕರೆದು, ಫ್ಲೆಕ್ಸ್ ಇಲ್ಲದೆ, ಶಾಲು, ಹಣ್ಣಿನ ಬುಟ್ಟಿ ಮತ್ತು ಒಂದು ಚಿಕ್ಕ ಫಲಕದೊಂದಿಗೆ ಮುಗಿಸಬಹುದು. ಪ್ರದಾನ ಮಾಡುವವರು ಹಿಂದಿನ ವರ್ಷದ ಪುರಸ್ಕೃತರೇ ಆಗಿರಲಿ. ಆಗ ಮುಖ್ಯ ಅತಿಥಿ ಯಾರಾಗಬೇಕೆಂಬ ಜಗಳವೂ ತಪ್ಪುತ್ತದೆ.

ಹಣ ಕೂಡಿದ್ದರೆ ಅದನ್ನು ಕೆಲಸಕ್ಕೆ ಕೊಡಬೇಕು. ಏನು ಬೇಕೆಂದು ಪುರಸ್ಕೃತರನ್ನೇ ಕೇಳಿ, ಸಂಘವೇ ಕೊಂಡು, ರಸೀದಿಯನ್ನು ಲೆಕ್ಕಕ್ಕೆ ಸೇರಿಸುವುದು ಸರಿಯಾದ ದಾರಿ. ಲೆಕ್ಕ ಹೇಳಿಕೊಡುವ ಹುಡುಗಿ ಒಂದು ಕಪ್ಪು ಹಲಗೆ, ಎರಡು ಚಾಪೆ ಮತ್ತು ಒಂದು ಎಲ್‌ಇಡಿ ಬಲ್ಬು ಕೇಳಿದಳು. ಸೆಟ್ಟರ್ ಹುಡುಗ ಏನೂ ಬೇಡವೆಂದು, ಆಮೇಲೆ ಯೋಚಿಸಿ, ಅಭ್ಯಾಸವನ್ನು ಭಾನುವಾರ ಸಂಜೆಗೆ ಬದಲಿಸಬಹುದೇ ಎಂದು ಕೇಳಿದ. ಬದಲಿಸಿದೆವು.

ಸಂಘದ ಗೋಡೆಯ ಮೇಲೆ ಒಂದು ದೊಡ್ಡ ಮರದ ಫಲಕವಿದ್ದು, ಅದರ ಮೇಲೆ ವರ್ಷಕ್ಕೊಂದು ಹಿತ್ತಾಳೆಯ ಪಟ್ಟಿ ಜಡಿಸುತ್ತೇವೆ. ಆರಿಸಲಾಗದ ಹೆಸರುಗಳ ಚೀಟಿಗಳನ್ನು ಎಸೆಯದೆ ಮುಂದಿನ ವರ್ಷಕ್ಕೆ ತೆಗೆದಿಡುತ್ತೇವೆ, ಏಕೆಂದರೆ ಈ ಕೆಲಸಗಳು ಒಂದು ವರ್ಷದಲ್ಲಿ ಮುಗಿಯುವಂಥವಲ್ಲ. ಒಂದು ವರ್ಷ, ಎಲ್ಲ ಚೀಟಿಗಳನ್ನು ವಿಚಾರಿಸಿದ ಮೇಲೂ, ಸಮಿತಿಗೆ ಒಮ್ಮತ ಬರಲಿಲ್ಲ. ಆ ವರ್ಷದ ಪಟ್ಟಿಯಲ್ಲಿ ಇಸವಿಯನ್ನು ಮಾತ್ರ ಕೆತ್ತಿಸಿ, ಮುಂದಿನ ಜಾಗವನ್ನು ಖಾಲಿ ಬಿಡಿಸಿದ್ದೇವೆ. ಕೆತ್ತನೆಯವರು ಹೆಸರು ಮರೆತಿದ್ದೀರಿ ಎಂದು ಎರಡು ಸಲ ಫೋನ್ ಮಾಡಿದ್ದರು.